ಹತ್ತು ನಿಮಿಷದ ನೊರೆ

ಬೆಕ್ಕಿನ ಹೊಟ್ಟೆ ಬೋಳಾಗುತ್ತಿದೆ ಎಂಬ ಚಿಂತೆ ಅವಳ ತಲೆಗೆ ಹೊಕ್ಕು ಇವತ್ತಿಗೆ ಹದಿನೆಂಟು ದಿನ. ಹೊಕ್ಕಿದ್ದು ಹೊರಗೆ ಹೋಗುವ ಲಕ್ಷಣವೇ ಇರಲಿಲ್ಲ. ಮಗುವಿಗೆ ಉಣಿಸುವಾಗ, ಬಟ್ಟೆ ಮಡಚುವಾಗ, ಫ್ರಿಜ್ಜಿನ ಬಾಗಿಲು ತೆಗೆದು ಯಾಕೆ ತೆಗೆದೆನೆಂದು ಮರೆತು ನಿಂತಾಗ ಅದೇ ಹೊಟ್ಟೆ ಕಣ್ಣೆದುರು. ಬೂದುಬಣ್ಣದ ಬೆಕ್ಕು, ಕರೆಯುವುದು ಬೂದಿ ಅಂತ. ಬೆನ್ನ ಮೇಲೆ ಕೂದಲು ಮೊದಲಿನಂತೆಯೇ ದಟ್ಟ, ಮಿರಮಿರ ಮಿಂಚು. ಅಂಗಾತ ಮಲಗಿದರೆ ಮಾತ್ರ ಹೊಟ್ಟೆಯಿಂದ ಹಿಂಗಾಲುಗಳ ಒಳಬದಿಯವರೆಗೆ ಬರೀ ಗುಲಾಬಿ ಚರ್ಮ. ಒಂದು ವರ್ಷ ಮೂರು ತಿಂಗಳಿನ ಮಗಳು ಆ ಬೋಳು ಹೊಟ್ಟೆಗೇ ಕೆನ್ನೆಯಿಟ್ಟು "ಬೂ" ಅನ್ನುತ್ತಿದ್ದಳು. ಅಮ್ಮ ಓಡಿ ಬಂದು ಅವಳನ್ನು ಎತ್ತಿಕೊಳ್ಳುತ್ತಿದ್ದಳು.

ಮಗು ಇನ್ನೂ ಅಂಬೆಗಾಲಿನಲ್ಲೇ ಇದೆ, ನಡೆಯುತ್ತಿಲ್ಲ ಎಂಬುದು ಬೇರೆ ಚಿಂತೆ. ಅದರ ಸರದಿ ಇನ್ನೂ ಬಂದಿರಲಿಲ್ಲ.

"ಹೊಟ್ಟೆ ಬೋಳಾದ್ರೆ ಏನಾಯ್ತೇ?" ಅಂದಿದ್ದ ಗಂಡ. "ನನ್ನ ತಲೆ ಬೋಳಾದಾಗ ಯಾರಾದ್ರೂ ಹೀಗೆ ನಿದ್ದೆಗೆಟ್ರಾ?"

ಆದರೆ ಮಂಗಳವಾರ ಮಗುವಿನ ಮೊಣಕಾಲಿನ ಮೇಲೆ, ಅಂಗೈಗಳ ಮೇಲೆ ಕೆಂಪು ಕಂಡಿತು. ಅವನ ತಮಾಷೆಯೂ ನಿಂತಿತು. ಕೆಳಗಿನ ವಾಚ್‌ಮನ್ನನ ಪರಿಚಯದವರೊಬ್ಬರು ಬೆಕ್ಕನ್ನು ಒಯ್ಯಲು ಒಪ್ಪಿದ್ದರು. ಭಾನುವಾರ ಬೆಳಿಗ್ಗೆ ಪಂಜರ ತರುತ್ತಾರಂತೆ. ಇವತ್ತು ಶುಕ್ರವಾರ.

ಅವಳೇನು ಸುಮ್ಮನೆ ಕೂತಿರಲಿಲ್ಲ. ತಿಂಗಳ ಹಿಂದೆಯೇ, ಅಂಬೆಗಾಲಿಡುವ ಮಗುವಿಗೆ ಏನೂ ಅಂಟಬಾರದೆಂದು, ಫಿನಾಯಿಲಿನ ಐದು ಲೀಟರ್ ಕ್ಯಾನ್ ತಂದಿದ್ದಳು. ಒಂದು ಮುಚ್ಚಳ ಹಾಕುವಲ್ಲಿ ಎರಡು, ದಿನಕ್ಕೊಮ್ಮೆ ಒರೆಸುವಲ್ಲಿ ಮೂರು ಸಲ. ಬೆಕ್ಕಿನ ಹೊಟ್ಟೆ ಬೋಳಾದ ಮೇಲೆ ಎರಡು ಮುಚ್ಚಳ ಮೂರಾಯಿತು. ಬೆಕ್ಕನ್ನು ಹತ್ತಿರದ ಡಾಕ್ಟರಿಗೂ ತೋರಿಸಿದ್ದಳು. ಆತ ಊಟದಲ್ಲಿ ಬೆರೆಸಿ ಕೊಡಲು ಪುಡಿ ಕೊಟ್ಟ. ವಾರವಾದರೂ ಗುಣ ಕಾಣದೆ ಮತ್ತೆ ಹೋದಾಗ ಆತ ತಲೆ ಕೆರೆದುಕೊಂಡು ಹೇಳಿದ್ದ:

"ಮೇಡಂ, ಚರ್ಮದ ವಿಷಯ ಅಂದ್ರೆ ನೀವು ದೊಡ್ಡ ರಸ್ತೆ ಕ್ಲಿನಿಕ್ಕಿಗೆ ಹೋಗ್ಬಿಡಿ. ಅಲ್ಲಿ ಸ್ನಾನದಮ್ಮ ಅಂತ ಒಬ್ರಿದಾರೆ. ಡಾಕ್ಟರಲ್ಲ. ಆದ್ರೆ ಅವ್ರು ಮೈ ಮೇಲೆ ಕೈಯಾಡಿಸಿದ್ರೆ ಅರ್ಧ ಖಾಯಿಲೆ ಗೊತ್ತಾಗತ್ತೆ. ನಾವೆಲ್ಲ ಅಲ್ಲಿಗೇ ಕಳಿಸೋದು."

ಅವಳು "ಹೌದಾ?" ಅಂದು ಬೆಕ್ಕಿನ ಬುಟ್ಟಿ ಎತ್ತಿಕೊಂಡು ಬಂದಿದ್ದಳು. ಆ ಸ್ನಾನದಮ್ಮ ತನ್ನ ಸ್ವಂತ ಚಿಕ್ಕಮ್ಮ ಎಂದು ಹೇಳಲು ಬಾಯಿ ಬರಲಿಲ್ಲ. ಅಲ್ಲಿಗೆ ಹೋಗಲು ಕಾಲೂ ಬರಲಿಲ್ಲ.

*

ಚಿಕ್ಕಮ್ಮ ಆ ಕ್ಲಿನಿಕ್ಕಿಗೆ ಸೇರಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಕಸ ಗುಡಿಸಲು. ಮುಂದೆ ಜನ ಕಾಯುವ ಬೆಂಚುಗಳ ಹಾಲ್, ನಡುವೆ ಡಾಕ್ಟರ ಕೋಣೆ, ಹಿಂದೆ ಸೊಂಟದೆತ್ತರದ ಸಿಮೆಂಟಿನ ತೊಟ್ಟಿಯಿದ್ದ ಸ್ನಾನದ ಕೋಣೆ. ಆ ಹಿಂದಿನ ಕೋಣೆಗೆ ಯಾರೂ ಇಷ್ಟಪಟ್ಟು ಹೋಗುತ್ತಿರಲಿಲ್ಲ. ಕಜ್ಜಿ ಹಿಡಿದ ನಾಯಿಯ ನಾತ ಮೂಗಿಗೆ ಬಡಿದರೆ ಎರಡು ದಿನ ಊಟ ಸೇರುವುದಿಲ್ಲ. ಒಮ್ಮೆ ಯಾರೋ ಒಂದು ಬೀದಿ ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಬಾಗಿಲಲ್ಲಿಟ್ಟು ಹೋದರು. ಮೈಮೇಲೆ ಒಂದು ಕೂದಲಿಲ್ಲ, ಚರ್ಮ ಒಣಗಿದ ಕೆರೆಯ ಹಾಗೆ ಬಿರಿದಿತ್ತು. ಕಾಂಪೌಂಡರ್ ಮೂಗು ಮುಚ್ಚಿಕೊಂಡು ಹೊರಗೆ ಹೋದ. ಹಳೇ ಡಾಕ್ಟರು ಕನ್ನಡಕದ ಮೇಲಿಂದ ಸುತ್ತ ನೋಡಿದರು. ಪೊರಕೆ ಹಿಡಿದು ನಿಂತಿದ್ದವಳೊಬ್ಬಳೇ ಕಂಡಳು.

"ಕೈಗೆ ಗ್ಲೌಸ್ ಹಾಕ್ಕೊಂಡು ಇದಕ್ಕೆ ಸ್ನಾನ ಮಾಡಿಸ್ತೀಯೇನಮ್ಮ?"

"ಕಚ್ಚುತ್ತಾ ಸಾರ್?"

"ಕಚ್ಚೋಷ್ಟು ಶಕ್ತಿ ಇದ್ದಿದ್ರೆ ನಾನು ಖುಷಿ ಪಡ್ತಿದ್ದೆ."

ವಾರಕ್ಕೆರಡು ಸಲ, ಒಂಬತ್ತು ವಾರ. ಡಾಕ್ಟರು ಮದ್ದು ಕೊಟ್ಟರು, ಚಿಕ್ಕಮ್ಮ ತೊಳೆದಳು. ಹತ್ತನೇ ವಾರ ಆ ನಾಯಿಯ ಬೆನ್ನ ಮೇಲೆ ಪೀಚ್ ಹಣ್ಣಿನ ಮೇಲಿರುವಂಥ ನವಿರು ಕಂದು ಕೂದಲು ಎದ್ದಿತ್ತು. ಅದು ಕಂದು ನಾಯಿ ಎಂಬುದೇ ಅವತ್ತು ಗೊತ್ತಾಗಿದ್ದು!

ಅವಳ ಗುಟ್ಟೇನೂ ದೊಡ್ಡದಲ್ಲ, ಹತ್ತು ನಿಮಿಷ ಅಷ್ಟೇ. ಔಷಧಿ ಶಾಂಪೂ ಹಚ್ಚಿದ ಮೇಲೆ ನೊರೆಯನ್ನು ಹತ್ತು ನಿಮಿಷ ಮೈಮೇಲೇ ಬಿಡಬೇಕೆಂದು ಡಾಕ್ಟರು ಎಲ್ಲರಿಗೂ ಹೇಳುತ್ತಿದ್ದರು. ಎಲ್ಲರೂ ಹೂಂ ಅನ್ನುತ್ತಿದ್ದರು. ಒದ್ದೆ ನಾಯಿಯನ್ನು ಅಷ್ಟು ಹೊತ್ತು ಹಿಡಿದು ನಿಲ್ಲಿಸುವುದು ಯಾರಪ್ಪನ ಕೈಲಾಗುತ್ತೆ? ಎರಡನೇ ನಿಮಿಷಕ್ಕೆ ಅದು ಮೈ ಕೊಡವುತ್ತದೆ, ಹಿಡಿದವರು ಬೈದು ನೀರು ಹೊಯ್ಯುತ್ತಾರೆ. ಮದ್ದು ಮೋರಿಗೆ, ಕಜ್ಜಿ ಮೈಮೇಲೇ. ಚಿಕ್ಕಮ್ಮ ನಾಯಿಯ ಕಿವಿಯ ಹತ್ತಿರ ಬಾಯಿಟ್ಟು ಕಥೆ ಹೇಳತೊಡಗಿದಳು. ರಾಜರಾಣಿಯ ಕಥೆಯಲ್ಲ, ಮನೆಯ ಕಥೆ. "ನಮ್ಮ ಭಾವ ಇದಾರಲ್ಲ, ಮೊನ್ನೆ ಅರ್ಧ ಬೆಲೆಗೆ ಚಪ್ಪಲಿ ಸಿಕ್ತು ಅಂತ ಎದೆಯುಬ್ಬಿಸ್ಕೊಂಡು ಬಂದ್ರು. ತೆಗೆದು ನೋಡಿದ್ರೆ ಎರಡೂ ಎಡಗಾಲಿಂದು! ಇರು, ಇರು, ಇನ್ನೂ ಇದೆ ಕಥೆ..." ನಾಯಿ ಕಿವಿ ನಿಮಿರಿಸಿ ನಿಲ್ಲುತ್ತಿತ್ತು. ಗೋಡೆ ಗಡಿಯಾರ ಹತ್ತು ನಿಮಿಷ ಮುಗಿಸುವಷ್ಟರಲ್ಲಿ ಭಾವನ ಮಾನವೂ ಮುಗಿದಿರುತ್ತಿತ್ತು.

ಆ ಭಾವ ಅಂದರೆ ಬೂದಿಯನ್ನು ಸಾಕಿದ ಇವಳ ಅಪ್ಪ. "ನಮ್ಮನೆ ಗುಟ್ಟು ಊರ ನಾಯಿಗಳಿಗೆಲ್ಲ ಗೊತ್ತು ಕಣೇ, ಅದಕ್ಕೇ ನನ್ನ ಕಂಡ್ರೆ ಬೊಗಳ್ತವೆ" ಅಂತ ಅಪ್ಪ ನಗಾಡುತ್ತಿದ್ದ. ನೆಂಟರಲ್ಲಿ ಎಲ್ಲರ ನಗು ಹೀಗಿರಲಿಲ್ಲ. "ಬಂತಪ್ಪಾ ಕಜ್ಜಿ ಡಿಪಾರ್ಟ್‌ಮೆಂಟು" ಅಂತ ಸೀರೆಯ ಸೆರಗು ಒಳಗೆಳೆದುಕೊಂಡು ಜರುಗಿ ಕೂರುವವರಿದ್ದರು. ಚಿಕ್ಕಮ್ಮ ಅದಕ್ಕೂ ನಗುತ್ತಿದ್ದಳು. "ಜರುಗಬೇಡಿ, ನಿಮಗೂ ಸ್ನಾನ ಮಾಡಿಸ್ಬಿಟ್ಟೇನು."

*

ಇವಳು ಕಾಲೇಜಿನಲ್ಲಿದ್ದಾಗಿನ ಮಾತು. ಚಿಕ್ಕಮ್ಮನಿಗೊಂದು ಬೀಗದಕೈ ಕೊಡಬೇಕಾಗಿ ಕ್ಲಿನಿಕ್ಕಿಗೆ ಹೋಗಿದ್ದಳು. ಬೆಂಚಿನ ಮೇಲೆ ಕೂತು ಪುಸ್ತಕದ ಹಿಂದೆ ಮುಖ ಮರೆಸಿಕೊಂಡಿದ್ದಳು, ಎಲ್ಲಿ ಯಾರಾದರೂ ಗೆಳತಿಯರು ಕಂಡಾರೋ ಅಂತ. ಪಕ್ಕದಲ್ಲಿ ಒಬ್ಬ ದೊಡ್ಡ ಮನುಷ್ಯರು, ಅವರ ಕಾಲ ಬಳಿ ಅವರಿಗಿಂತ ದೊಡ್ಡದೊಂದು ಹೊಂಬಣ್ಣದ ನಾಯಿ. ಎರಡೂ ಪಕ್ಕೆಗಳಲ್ಲಿ ಕೂದಲಿಲ್ಲ, ಬಾಲ ಇಲಿಯ ಬಾಲದಂತೆ. ಐದು ಡಾಕ್ಟರಿಗೆ ತೋರಿಸಿದ್ದರಂತೆ. ಎಲ್ಲರೂ ಕಜ್ಜಿಯೆಂದೇ ಮದ್ದು ಕೊಟ್ಟರಂತೆ. ಹಳೇ ಡಾಕ್ಟರೂ ಶಾಂಪೂ ಬರೆದು ಹಿಂದಿನ ಕೋಣೆಗೆ ಕಳಿಸಿದರು.

ಐದು ನಿಮಿಷಕ್ಕೆ ಚಿಕ್ಕಮ್ಮ ಒಣ ನಾಯಿಯನ್ನೇ ವಾಪಸ್ಸು ಕರೆತಂದಳು. ಹಾಲಿನಲ್ಲಿದ್ದವರೆಲ್ಲ ನೋಡಿದರು.

"ಸಾರ್, ಇದಕ್ಕೆ ನಾನು ನೀರು ಹಾಕಲ್ಲ."

"ಯಾಕಮ್ಮ?"

"ಇದು ಕೆರ್ಕೊಳ್ಳಲ್ಲ. ಎಡಗಡೆ ಎಷ್ಟು ಬೋಳೋ ಬಲಗಡೇನೂ ಅಷ್ಟೇ, ಅಳತೆ ಹಿಡಿದ ಹಾಗೆ. ಕಜ್ಜಿ ಯಾವತ್ತಾದ್ರೂ ಅಳತೆ ಹಿಡಿದು ಬರುತ್ತಾ?" ಆಮೇಲೆ ಆ ದೊಡ್ಡ ಮನುಷ್ಯರ ಕಡೆ ತಿರುಗಿದಳು. "ಊಟ ಅಷ್ಟೇ ಹಾಕಿದ್ರೂ ದಪ್ಪ ಆಗ್ತಿದೆಯಾ ಸ್ವಾಮಿ? ಬಿಸಿಲು ಹುಡುಕ್ಕೊಂಡು ಹೋಗಿ ಮಲಗುತ್ತಾ?"

"ಹೌದು... ಹೌದಮ್ಮಾ. ನಿಮಗೆ ಹೇಗೆ..."

"ಇದು ಹೊರಗಿನ ಖಾಯಿಲೆ ಅಲ್ಲ ಸಾರ್. ಒಳಗಿಂದು. ರಕ್ತ ನೋಡಿ."

ಡಾಕ್ಟರು ಬೈಯುತ್ತಾರೆಂದು ಇವಳು ಪುಸ್ತಕವನ್ನು ಇನ್ನಷ್ಟು ಮೇಲೆತ್ತಿದಳು. ಅವರು ಬೈಯಲಿಲ್ಲ, ರಕ್ತ ತೆಗೆದರು. ಮುಂದಿನ ವಾರ ಇವಳು ಮತ್ತೆ ಅದೇ ಬೆಂಚಿನ ಮೇಲಿದ್ದಳು. ಕೊಟ್ಟ ಬೀಗದಕೈ ವಾಪಸ್ಸು ತರಬೇಕಿತ್ತು ಅನ್ನುವುದು ನೆಪ. ನಿಜ ಹೇಳಬೇಕೆಂದರೆ, ಏನಾಯಿತೆಂದು ತಿಳಿಯದೆ ಅವಳಿಗೆ ತಡೆಯಲಾಗಿರಲಿಲ್ಲ. ಡಾಕ್ಟರು ಚೀಟಿ ಹಿಡಿದು ಹಾಲಿಗೇ ಬಂದರು. ಬೆಂಚುಗಳೆಲ್ಲ ತುಂಬಿದ್ದವು. "ಥೈರಾಯ್ಡು. ದಿನಾ ಒಂದು ಮಾತ್ರೆ ಕೊಟ್ರೆ ಕೂದಲು ಬರುತ್ತೆ" ಅಂದರು. ದೊಡ್ಡ ಮನುಷ್ಯರು ಕೈಮುಗಿಯಹೊರಟರು. ಡಾಕ್ಟರು ಆ ಕೈಗಳನ್ನು ಹಿಡಿದು ಹಿಂದಿನ ಕೋಣೆಯ ಕಡೆ ತಿರುಗಿಸಿದರು.

"ಕಂಡುಹಿಡಿದಿದ್ದು ನಾನಲ್ಲ. ಅಲ್ಲಿ ಮುಗೀರಿ."

ಬಾಗಿಲಲ್ಲಿ ಚಿಕ್ಕಮ್ಮ. ರಬ್ಬರ್ ಏಪ್ರನ್ನು, ಮೊಣಕೈವರೆಗೆ ನೊರೆ, ನೊರೆಯ ಕೈಯಲ್ಲೇ ಹಣೆ ಒರೆಸಿಕೊಂಡಿದ್ದರಿಂದ ಹುಬ್ಬಿನ ಮೇಲೊಂದು ಬಿಳೀ ಗುಳ್ಳೆ. "ಅಯ್ಯೋ, ಹತ್ತು ನಿಮಿಷ ಆಗಿಲ್ಲ ಇನ್ನೂ" ಅಂದು ಒಳಗೆ ಹೋಗಿಬಿಟ್ಟಳು.

ಇವಳು ಆ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಆಗಲೇ ಪಕ್ಕದ ಹೆಂಗಸು ಕೇಳಿದ್ದು: "ಆಗಿಂದ ಅವರನ್ನೇ ನೋಡ್ತಿದೀರ. ನಿಮಗೇನಾಗಬೇಕು?"

"ಗೊತ್ತಿರೋರು," ಅಂದಿದ್ದಳು ಇವಳು.

ಗೊತ್ತಿರೋರು! ಆ ಮಾತು ಇವತ್ತಿಗೂ ಮುಳ್ಳಿನ ಹಾಗೆ ಒಳಗೇ ಇದೆ. ಅದರ ಮೇಲೆ ಇನ್ನೊಂದು ಸೇರಿದ್ದು ಮಗು ಹುಟ್ಟಿದ ಇಪ್ಪತ್ತನೇ ದಿನ. ಚಿಕ್ಕಮ್ಮ ಕೆಲಸ ಮುಗಿಸಿ, ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿ, ಒಗೆದ ಸೀರೆಯುಟ್ಟು ಬಂದಿದ್ದಳು.

"ಕೈ ತೊಳ್ಕೊಂಡ್ಯಾ ಚಿಕ್ಕಮ್ಮ?"

"ತೊಳ್ಕೊಂಡೆ ಕಣೇ."

"ಇನ್ನೊಂದ್ಸಲ..."

ತೊಳೆದುಕೊಂಡು ಬಂದಳು. ಇವಳು ಚಿಕ್ಕಮ್ಮನ ಮಡಿಲ ಮೇಲೆ ಟವೆಲ್ ಹಾಸಿದಳು. ಒಂದಲ್ಲ, ಎರಡು. ಚಿಕ್ಕಮ್ಮ ಟವೆಲುಗಳನ್ನು ನೋಡಿದಳು, ನೀಟಾಗಿ ಮಡಚಿ ಪಕ್ಕಕ್ಕಿಟ್ಟಳು. "ಮಲಗಿರ್ಲಿ ಬಿಡು, ಇಲ್ಲಿಂದಲೇ ನೋಡ್ತೀನಿ. ಮುದ್ದಾಗಿದೆ." ಆಮೇಲೆ ಆ ಮನೆಗೆ ಬರಲೇ ಇಲ್ಲ.

*

ಶುಕ್ರವಾರ ಮಧ್ಯಾಹ್ನ ಮಗು ಮಲಗಿತ್ತು. ನೆಲ ಒರೆಸಿ ಐದು ನಿಮಿಷವಾಗಿರಬಹುದು. ಬೂದಿ ತಂಪು ನೆಲದ ಮೇಲೆ ಹೊಟ್ಟೆಯಿಟ್ಟು ಚಾಚಿಕೊಂಡಿತು, ಎದ್ದಿತು, ಕೂತು ಹೊಟ್ಟೆ ನೆಕ್ಕತೊಡಗಿತು. ನೆಕ್ಕಿತು, ನೆಕ್ಕಿತು, ಹಲ್ಲಿನಿಂದ ಕಚ್ಚಿ ಕಚ್ಚಿ ನೆಕ್ಕಿತು. ನೋಡುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಚಿಕ್ಕಮ್ಮನ ದನಿ ಕೇಳಿದಂತಾಯಿತು. ಬೆಕ್ಕು ಬೋಳಾಗಿದೆ ಅಂತ ಯಾರೇ ಬಂದರೂ ಚಿಕ್ಕಮ್ಮ ಮೊದಲು ಕೇಳುತ್ತಿದ್ದುದು ಒಂದೇ: ಕೂದಲು ಉದುರಿದೆಯೋ, ಮುರಿದಿದೆಯೋ? ಉದುರಿದ್ದರೆ ಬುಡವೇ ಇರುವುದಿಲ್ಲ, ಚರ್ಮ ನುಣ್ಣಗೆ. ಬೆಕ್ಕೇ ನೆಕ್ಕಿ ಮುರಿದಿದ್ದರೆ ಮೋಟು ಉಳಿದಿರುತ್ತದೆ, ಬೆರಳಿಗೆ ಚುಚ್ಚುತ್ತದೆ.

ಅವಳು ನೆಲದ ಮೇಲೆ ಕೂತಳು. ಹದಿನೆಂಟು ದಿನದಲ್ಲಿ ಆ ಹೊಟ್ಟೆಯನ್ನು ಸಾವಿರ ಸಲ ನೋಡಿದ್ದಳು, ಒಮ್ಮೆಯೂ ಮುಟ್ಟಿರಲಿಲ್ಲ. ಈಗ ಬರಿಗೈಯಲ್ಲಿ ಹಿಂದುಮುಂದಾಗಿ ಸವರಿದಳು. ಎರಡು ದಿನ ಗಡ್ಡ ಬೋಳಿಸದ ಗಂಡನ ಕೆನ್ನೆಯ ಹಾಗೆ ಚುಚ್ಚಿತು.

ಮುರಿದಿದೆ. ಬೆನ್ನಿಗೆ ಏನೂ ಆಗಿಲ್ಲ. ನೆಲಕ್ಕೆ ತಾಗುವ ಕಡೆ ಮಾತ್ರ. ಮಗುವಿಗೂ ನೆಲಕ್ಕೆ ತಾಗುವ ಕಡೆ ಮಾತ್ರ. ಮೊಣಕಾಲು, ಅಂಗೈ. ಅವಳು ತನ್ನ ಒದ್ದೆ ಪಾದಗಳನ್ನು ನೋಡಿಕೊಂಡಳು, ಮೂಲೆಯಲ್ಲಿದ್ದ ಐದು ಲೀಟರ್ ಕ್ಯಾನನ್ನು ನೋಡಿದಳು.

ಮೊದಲು ಬರೀ ನೀರು ತಂದು ಇಡೀ ನೆಲವನ್ನು ಎರಡು ಸಲ ಒರೆಸಿದಳು, ಬೆಕ್ಕಿನ ಹೊಟ್ಟೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಭಾನುವಾರದ ಪಂಜರ ಇನ್ನು ಬೇಕಿಲ್ಲ. ಆಮೇಲೆ ಫೋನ್ ಕೈಗೆತ್ತಿಕೊಂಡಳು. ಚಿಕ್ಕಮ್ಮನ ಕೈ ಹಗಲೆಲ್ಲ ಒದ್ದೆ, ಮೊಬೈಲು ಬ್ಯಾಗಿನಲ್ಲೇ ಇರುತ್ತದೆ. ಕ್ಲಿನಿಕ್ಕಿಗೇ ಮಾಡಬೇಕು. ನಂಬರ್ ಒತ್ತಿದಳು, ಕತ್ತರಿಸಿದಳು. ಮತ್ತೆ ಒತ್ತಿದಳು.

"ಹಲೋ, ಹೇಳಿ." ರಿಸೆಪ್ಷನ್ನಿನ ಹುಡುಗಿ.

"ಸ್ನಾನದ ಕೋಣೇಲಿರೋ ಅಮ್ಮನ ಹತ್ರ ಮಾತಾಡ್ಬೇಕಿತ್ತು."

"ಅಪಾಯಿಂಟ್‌ಮೆಂಟಿಗಾ? ಅವರದ್ದು ಮುಂದಿನ ವಾರದವರೆಗೂ ಖಾಲಿ ಇಲ್ಲ ಮೇಡಂ."

"ಅಪಾಯಿಂಟ್‌ಮೆಂಟಿಗಲ್ಲ."

"ನೀವು ಅವರಿಗೇನಾಗಬೇಕು?"

ಅವಳು ಉಸಿರೆಳೆದುಕೊಂಡಳು. "ಮಗಳು. ಅವರ ಅಕ್ಕನ ಮಗಳು. ಮಗಳು ಅಂತಲೇ ಹೇಳಿ."

"ಅಯ್ಯೋ, ನೀವೇನಾ ಅದು! ಇರಿ ಇರಿ. ಈಗ ತಾನೇ ನೊರೆ ಹಚ್ಚಿದಾರೆ. ಹತ್ತು ನಿಮಿಷ ಆಗುತ್ತಲ್ಲ ಮೇಡಂ, ಆಮೇಲೆ ಮಾಡ್ತೀರಾ?"

"ಇಲ್ಲ. ಕಾಯ್ತೀನಿ."

ಹುಡುಗಿ ಫೋನನ್ನು ಹಿಂದಿನ ಕೋಣೆಯ ಬಾಗಿಲ ಹತ್ತಿರ ಇಟ್ಟಳೆಂದು ಕಾಣುತ್ತದೆ. ನೀರು ತೊಟ್ಟಿಕ್ಕುವ ಸದ್ದು, ಯಾವುದೋ ದೊಡ್ಡ ನಾಯಿಯ ಏದುಸಿರು, ಅದರ ನಡುವೆ ಚಿಕ್ಕಮ್ಮನ ದನಿ. "...ಮೊಮ್ಮಗಳು ಕಣೋ ನಂದು. ಇನ್ನೂ ನಡೆಯಲ್ಲವಂತೆ, ಅಕ್ಕ ಹೇಳಿದ್ಲು. ಅವಳಮ್ಮ ಅದಕ್ಕೂ ತಲೆ ಕೆಡಿಸ್ಕೊಂಡಿರ್ತಾಳೆ ನೋಡು. ಆ ಅಮ್ಮ ನಡೆದಿದ್ದೂ ಒಂದೂವರೆ ವರ್ಷಕ್ಕೇ! ಇರು, ಇರು, ಇನ್ನೂ ಇದೆ ಕಥೆ..."

ಅವಳು ಫೋನನ್ನು ಕಿವಿಗೊತ್ತಿಕೊಂಡು, ಬೂದಿಯನ್ನು ಮಡಿಲಿಗೆಳೆದುಕೊಂಡು, ಗೋಡೆಯ ಗಡಿಯಾರ ನೋಡುತ್ತ ಕೂತಳು. ಹತ್ತು ನಿಮಿಷಕ್ಕೆ ಒಂದು ಸೆಕೆಂಡೂ ಕಮ್ಮಿಯಾಗಲಿಲ್ಲ.

"ಏನೇ?" ಅಂದಳು ಚಿಕ್ಕಮ್ಮ. ಸ್ವಲ್ಪ ಏದುಸಿರು. "ಮಗು ಹುಷಾರಾ?"

"ಚಿಕ್ಕಮ್ಮಾ, ಬೂದಿ ಹೊಟ್ಟೆ ಬೋಳಾಗಿದೆ. ಉದುರಿಲ್ಲ, ಮುರಿದಿದೆ. ಕೈಯಲ್ಲಿ ಮುಟ್ಟಿ ನೋಡ್ದೆ. ನೆಲಕ್ಕೆ ನಾನು ಹಾಕಿದ ಫಿನಾಯಿಲು. ಮಗು ಮೊಣಕಾಲೂ..."

ಆ ಕಡೆ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ ಸದ್ದು.

"ಬರಿಗೈಲಿ ಮುಟ್ಟಿದ್ಯಾ?" ಚಿಕ್ಕಮ್ಮನ ದನಿಯಲ್ಲಿ ನಗು ಏರುತ್ತಿತ್ತು. "ನೋಡ್ದ್ಯಾ, ಕಂಡುಹಿಡಿದೋಳು ನೀನೇ. ಕ್ಯಾನ್ ಎತ್ತಿ ಬಚ್ಚಲಿಗಿಡು. ನಾಳೆ ಬೆಳಿಗ್ಗೆ ಬೆಕ್ಕನ್ನ ತಗೊಂಬಾ, ನಮ್ಮ ಈಗಿನ ಡಾಕ್ಟರಮ್ಮ ಒಂದ್ಸಲ ನೋಡ್ಲಿ. ಮಗೂನ ಮಕ್ಕಳ ಡಾಕ್ಟರಿಗೆ ತೋರ್ಸು."

"ತೋರಿಸ್ತೀನಿ. ಮಗೂನೂ ಕ್ಲಿನಿಕ್ಕಿಗೇ ಕರ್ಕೊಂಬರ್ತೀನಿ ಚಿಕ್ಕಮ್ಮ. ನೀನು ಎತ್ಕೋಬೇಕು."

"ಇಲ್ಲಿಗಾ? ನನ್ನ ಕೈಯೆಲ್ಲ ನೊರೆ ಇರುತ್ತಲ್ಲೇ."

"ಇರ್ಲಿ," ಅಂದಳು ಅವಳು.