ಎಣ್ಣೆ ಹೊಯ್ದ ಮ್ಯಾಟು

ಅಕ್ಕುತಾಯಿ ಕಳೆದ ರವಿವಾರ ಸಂಜೆ ತೀರಿಕೊಂಡಳು. ಎದೆನೋವು ಬಂತು; ಮಿರಜದ ಆಸ್ಪತ್ರೆ ಮುಟ್ಟುವ ಮೊದಲೇ ಗಾಡಿಯಲ್ಲಿ ಉಸಿರು ನಿಂತಿತು. ಮೂರನೆಯ ದಿನ ನಮ್ಮೂರ ಒಳಾಂಗಣ ಕ್ರೀಡಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಬದುಕಿದ್ದಾಗ ಅವಳಿಗೆ ಆ ಬಾಗಿಲು ತೆಗೆಯದವರೆಲ್ಲ ಮೈಕು ಹಿಡಿದು ಅತ್ತರು. ಗೆಳತಿಯರಾದ ನಾವು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆವು.

ಅಕ್ಕುತಾಯಿಯದು ಕುರಿ ಕಾಯುವ ಮನೆತನ. ಹೈಸ್ಕೂಲಿನ ಪಿ.ಟಿ. ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೂ ಸುತ್ತಲಿನ ಸತ್ತಿ, ಅನಂತಪುರ ಹಳ್ಳಿಗಳ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದಳು. ಅದೂ ಕ್ರೀಡಾಂಗಣದ ಹಿಂದಿನ ಮುಳ್ಳುನೆಲದಲ್ಲಿ. ಒಳಗೆ ಜಾಗ ಸಿಗುತ್ತಿರಲಿಲ್ಲ. ಬಾಗಿಲ ಮೇಲೆ 'ಬಹೂಪಯೋಗಿ' ಎಂದು ಬರೆಸಿದ್ದರು, ಊರ ಹಿರಿಯರು ಆ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟರು. ಮದುವೆ, ಸೀರೆ ಮಾರಾಟ, ಸತ್ಕಾರ ಸಮಾರಂಭ. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದರೆ ಒಣದ್ರಾಕ್ಷಿಯ ಪೆಟ್ಟಿಗೆಗಳು. ಆಟವೊಂದನ್ನು ಬಿಟ್ಟು ಅದು ಎಲ್ಲಕ್ಕೂ ಉಪಯೋಗವಾಯಿತು.

ಈ ವರ್ಷ ಹುಡುಗಿಯರ ಜಿಲ್ಲಾ ಕಬಡ್ಡಿ ತಂಡದ ಆಯ್ಕೆ ನಮ್ಮೂರಲ್ಲೇ ಎಂದು ಗೊತ್ತಾಗಿ, ಕ್ರೀಡಾಂಗಣಕ್ಕೆ ಹೊಸ ಮ್ಯಾಟು ಬಂತು. ಮ್ಯಾಟು ಸರಿಯಿಲ್ಲದಿದ್ದರೆ ಆಯ್ಕೆ ಚಿಕ್ಕೋಡಿಗೆ ಹೋಗುತ್ತಿತ್ತು. ಅಲ್ಲಿಗಾದರೆ ಅಪ್ಪಂದಿರು ಅರ್ಧಕ್ಕರ್ಧ ಹುಡುಗಿಯರನ್ನು ಬಸ್ಸು ಹತ್ತಲು ಬಿಡುವುದಿಲ್ಲ ಎಂಬುದು ಅಕ್ಕುತಾಯಿಗೆ ಗೊತ್ತಿತ್ತು.

ಆಯ್ಕೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಅವಳು ಬರುವಷ್ಟರಲ್ಲಿ ಕ್ರೀಡಾಂಗಣ ಸಮಿತಿಯ ಅಧ್ಯಕ್ಷ ತಾತ್ಯಾಸಾಹೇಬ ಮ್ಯಾಟಿನ ಪೂಜೆ ಮುಗಿಸಿದ್ದ. ದ್ರಾಕ್ಷಿ ತೋಟದ ಧಣಿ. ಹರೆಯದಲ್ಲಿ ನಾಲ್ಕು ದಿನ ಕುಸ್ತಿಯ ತಾಲೀಮಿಗೆ ಹೋಗಿ ಮೈಗೆ ಮೆತ್ತಿಕೊಂಡ ಮಣ್ಣು ತಲೆಯಿಂದ ಇನ್ನೂ ಇಳಿದಿರಲಿಲ್ಲ. ಆ ಗರಡಿಯಲ್ಲಿ ಕೆಮ್ಮಣ್ಣನ್ನು ಹದ ಮಾಡಲು ಸುರಿಯುವಂತೆಯೇ ಇಲ್ಲಿ ಮ್ಯಾಟಿನ ಮೇಲೂ ಎಣ್ಣೆ, ಮಜ್ಜಿಗೆ, ಅರಿಷಿಣ ಸುರಿಸಿದ್ದ.

"ತಾತ್ಯಾ, ಇದು ಮಣ್ಣಲ್ರಿ, ರಬ್ಬರ್. ಎಣ್ಣಿ ಕುಡ್ಯಾಂಗಿಲ್ಲ," ಎಂದಳು ಅಕ್ಕುತಾಯಿ.

"ಅಕ್ಕೋರ, ಕಣಕ್ಕ ಎಣ್ಣಿ ಹಾಕೂದು ಹಿರ್ಯಾರ ಪದ್ಧತಿ ಐತಿ. ಹೆಣ್ಮಕ್ಕಳಿಗೆ ತಾಲೀಮಿಂದೇನ್ ತಿಳೀತೈತಿ?"

"ಏನೂ ತಿಳ್ಯಾಂಗಿಲ್ರಿ. ನಿಮ್ಮ ಕಾರಿನ ಗಾದಿಗೂ ಒಂದ್ ಕೊಡ ಹೊಯ್ಸ್ರಿ, ಬರ್ಕತ್ ಆಗತೈತಿ."

ಹಿಂದೆ ನಿಂತ ಹಿಂಬಾಲಕರು ಕೆಮ್ಮಿದಂತೆ ಮಾಡಿ ನಕ್ಕರು. ತಾತ್ಯಾಸಾಹೇಬನ ಮುಖ ಕೆಂಪಾಯಿತು. "ಆಯ್ಕಿ ಚಿಕ್ಕೋಡಿಗೆ ಹೋದ್ರ ಹೋಗ್ಲಿ ಬಿಡ್ರಿ. ಪೂಜಾ ಅಂತೂ ಆತು," ಎಂದು ಹೊರಟುಹೋದ.

ಅಕ್ಕುತಾಯಿ ಮನೆಮನೆಯಿಂದ ಸೀಗೆಕಾಯಿ ಪುಡಿ ತರಿಸಿದಳು. ಹುಡುಗಿಯರೆಲ್ಲ ಮೊಣಕಾಲೂರಿ ತಿಕ್ಕತೊಡಗಿದರು.

"ಅಕ್ಕೋರ, ಮ್ಯಾಟಿಗೆ ದೀಪಾವಳಿ ಜಳಕ ಮಾಡ್ಸಾಕತ್ತೇವ್ರಿ," ಎಂದಳು ಅವರಲ್ಲಿ ಕಿರಿಯಳಾದ ಕೋಮಲ.

"ಗಟ್ಟಿ ತಿಕ್ಕ ಬೇ. ತಾತ್ಯಾನ ತಲಿಗೆ ಹತ್ತಿದ್ದಾಗಿದ್ರ ಹೋಗತಿರಲಿಲ್ಲ, ಇದು ಹೋಗತೈತಿ."

ತಿಕ್ಕುವಾಗಲೇ ಅಕ್ಕುತಾಯಿ ಎಡಗೈ ಜೋಮು ಹಿಡಿದಿದೆ ಎಂದಳಂತೆ. ಕೂತುಕೊಳ್ಳಿರೆಂದರೂ ಕೇಳಲಿಲ್ಲ; ಬಲಗೈಯಿಂದ ತಿಕ್ಕಿದಳು.

ಮರುದಿನ, ಅದೇ ರವಿವಾರ ಮುಂಜಾನೆ ಆಯ್ಕೆಗಾರರು ಬಂದರು. ಬರಿಗಾಲಲ್ಲಿ ಮ್ಯಾಟಿನ ಮೇಲೆ ಅಡ್ಡಾಡಿ, ಹಿಮ್ಮಡಿಯಿಂದ ಒತ್ತಿ ನೋಡಿ ಸರಿಯಿದೆ ಎಂದು ತಲೆಯಾಡಿಸಿದರು. ಹುಡುಗಿಯರು ಗೆರೆಯ ಎರಡೂ ಬದಿ ನಿಂತರು. ಅಷ್ಟರಲ್ಲಿ ತಲೆಗೆ ಪಟಗಾ ಸುತ್ತಿಕೊಂಡ ತಾತ್ಯಾಸಾಹೇಬ, ತನ್ನಿಂದಲೇ ಇದೆಲ್ಲ ಆಯಿತೆಂಬಂತೆ, ಮೈಕಿನ ಮುಂದೆ ಬಂದು ನಿಂತ.

"ನಾ ಹರೇದಾಗ ತಾಲೀಮಿಗೆ ಹೋಗತಿದ್ದೆ..."

ಆಯ್ಕೆಗಾರರು ಗಡಿಯಾರ ನೋಡಿಕೊಂಡರು. ಅಕ್ಕುತಾಯಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಗೆರೆಯ ಪಕ್ಕಕ್ಕೆ ಹೋಗಿ ನಿಂತು, ಅವನ ಮಾತಿನ ನಡುವೆಯೇ ಉದ್ದಕ್ಕೆ ಸೀಟಿ ಊದಿದಳು.