ಕುಂಕುಮ ಒರೆಸಿದ ಕಾಕಾ

ಕಾಕಾನ ಬಲಗೈ ಉಗುರುಗಳ ಸಂದಿನಲ್ಲಿ ಯಾವಾಗಲೂ ಬೂದು ಬಣ್ಣದ ಪೇಸ್ಟ್ ಮೆತ್ತಿಕೊಂಡಿರುತ್ತಿತ್ತು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ಕಾವು ಹೊರಹೋಗಲೆಂದು ಹಚ್ಚುವ ಪೇಸ್ಟ್ ಅದು. "ಮದ್ಲ ಕೈ ತಿಕ್ಕೊಂಡ ಬರ್ರಿ, ಆಮ್ಯಾಲ ರೊಟ್ಟಿ ಮುಟ್ರಿ" ಎಂದು ಅವರ ಹೆಂಡತಿ ದಿನಾ ಗದರುತ್ತಿದ್ದರು. ಕಾಕಾ ನನ್ನ ಸಂಬಂಧಿಯೇನಲ್ಲ. ಗುಡಗೇರಿಯ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವರು ಊರಿಗೆಲ್ಲ ಕಾಕಾ. ಅದೇ ರಸ್ತೆಯಲ್ಲಿ ನಾನು ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ.

ಹೊಸ ಕಂಪ್ಯೂಟರ್ ಜೋಡಿಸಿದ ಕೂಡಲೇ ಕೊಟ್ಟುಬಿಡುವ ಜಾಯಮಾನ ಅವರದಲ್ಲ. ಎತ್ತು ಕೊಳ್ಳುವವರು ಹೂಡಿ ನೋಡುವಂತೆ, ಸುಡು ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಉದ್ದನೆಯ ವಿಡಿಯೊ ಹಾಕಿ ಅದನ್ನು ಕೆಲವು ದಿನ ದುಡಿಸುತ್ತಿದ್ದರು. ಬೆವರು ಸುರಿಸುತ್ತ ತಾವೂ ಪಕ್ಕದಲ್ಲೇ ಕೂರುತ್ತಿದ್ದರು. ಎಲ್ಲೂ ನಿಲ್ಲದಿದ್ದರೆ ಮಾತ್ರ ಕಂಪ್ಯೂಟರಿನ ಡಬ್ಬಿಗೆ ಕುಂಕುಮ ಹಚ್ಚಿ ಕೊಡುವುದು. ಕಾಕಾನ ಕುಂಕುಮ ಬಿದ್ದರೆ ಮತ್ತೆ ಕೇಳುವ ಹಾಗೇ ಇರಲಿಲ್ಲ.

ಒಮ್ಮೆ ನಾನು ಹೇಳಿಟ್ಟಿದ್ದ ಹೊಸ ಪ್ರೊಸೆಸರಿನ ಬಿಡುಗಡೆಯನ್ನು ಕಂಪನಿ ಮತ್ತೆ ಮತ್ತೆ ಮುಂದೂಡಿತು. ನನಗೋ ಮದುವೆ ಸೀಸನ್, ಮೈಯೆಲ್ಲ ಉರಿ. ಕಾಕಾ ನಕ್ಕರು. "ತಡಾ ಆದ್ರ ಆಗ್ಲಿ ಬಿಡವಾ. ಕಂಪನಿ ಒಳಗ ಯಾವನೋ ಒಬ್ಬ 'ಇನ್ನೂ ಬ್ಯಾಡ' ಅಂದಾನ. ಅಂವಾ ಭಾಳ ಛಲೋ ಮನಷ್ಯಾ."

ಕೊನೆಗೆ ಬಂತು. ಕುಂಕುಮವೂ ಬಿತ್ತು, ತಿಂಗಳುಗಟ್ಟಲೆ ಅಗದಿ ಚೆನ್ನಾಗಿಯೂ ಓಡಿತು. ಆಮೇಲೆ ಒಂದು ಮದುವೆಯ ವಿಡಿಯೊ ಅರ್ಧಕ್ಕೆ ಬಂದಾಗಲೆಲ್ಲ ಕಂಪ್ಯೂಟರ್ ಸತ್ತು ಬೀಳತೊಡಗಿತು. ಆ ಮದುಮಗಳ ತಂದೆ ಮದುವೆಯಾದ ಕೆಲವೇ ದಿನಕ್ಕೆ ತೀರಿಕೊಂಡಿದ್ದರು. "ಆತೇನವಾ?" ಎಂದು ಕೇಳಲು ಅವಳ ತಾಯಿ ಬಾಗಿಲಿಗೆ ಬಂದರೆ ನನಗೆ ತಲೆಯೆತ್ತಲು ಆಗುತ್ತಿರಲಿಲ್ಲ.

ಕಾಕಾ ಮೊದಲು ನಮ್ಮ ಕರೆಂಟನ್ನು ಬೈದರು, ಆಮೇಲೆ ನನ್ನನ್ನು. ಕೊನೆಗೆ ಬೇರೆ ಪ್ರೊಸೆಸರ್ ಕೂರಿಸಿ ನೋಡಿದರು. ದೋಷ ಹೊಸದರಲ್ಲೇ ಇತ್ತು. ಜೋರಾಗಿ ಓಡಿ ಓಡಿ ಅದು ಒಳಗೊಳಗೇ ಸವೆಯುತ್ತಿತ್ತು. ಕಾಕಾನ ಕೆಲವು ದಿನದ ಪರೀಕ್ಷೆಗೆ ಸಿಗುವಂಥದ್ದಲ್ಲ. ಬೇರೆ ಊರಲ್ಲೂ ಅದೇ ಗೋಳೆಂದು ಬಿಡಿಭಾಗ ಕಳಿಸುವ ಹುಬ್ಬಳ್ಳಿಯ ವ್ಯಾಪಾರಿ ಹೇಳಿದ. ಕಂಪನಿ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಮರುದಿನ ಕಾಕಾ ಅಂಗಡಿಗೆ ಬೀಗ ಹಾಕಿ, ಒದ್ದೆ ಬಟ್ಟೆ ಹಿಡಿದು, ಅದೇ ಪ್ರೊಸೆಸರ್ ಕೊಟ್ಟಿದ್ದ ಮನೆಮನೆಗೆ ಹೊರಟರು. ಆ ಮನೆಗಳ ಕಂಪ್ಯೂಟರ್‌ಗಳೆಲ್ಲ ಇನ್ನೂ ಚೆನ್ನಾಗಿಯೇ ಇದ್ದವು. ಡಬ್ಬಿಯ ಮೇಲಿನ ಕುಂಕುಮ ಒರೆಸುವುದನ್ನು ಕಂಡು ಒಬ್ಬ ಅಜ್ಜಿ ಹೌಹಾರಿದರು. "ಕುಂಕುಮಾ ಒರಸ್ತಾರೇನೋ ಯಾರರ?"

"ನಾ ಹಚ್ಚಿದ್ದು ಸುಳ್ಳಾತಬೇ ಅಜ್ಜಿ. ಸದ್ಯಕ್ಕ ಇದನ್ನ ಮೆಲ್ಲಕ ನಡಸೂಣು. ಕಂಪನಿಯಿಂದ ಬದಲಿ ತರಸೂದು ನನ್ನ ಜವಾಬ್ದಾರಿ" ಎಂದು ಕಾಕಾ ಅದರ ವೇಗ ತಗ್ಗಿಸಿದರು.

ಸುದ್ದಿ ಹರಡಿತು. ಅಂಗಡಿಗೆ ಜನ ಬರುವುದೇ ನಿಂತಿತು. ನನಗೆ ಸಿಟ್ಟು ಬಂತು. "ಕಂಪನಿಯವ್ರ ಸುಮ್ನ ಕುಂತಾರ. ನೀವ್ಯಾಕ ಅಡ್ಡಾಡಿ ಮರ್ಯಾದಿ ಕಳಕೊಂತೀರಿ, ಕಾಕಾ?"

"ಕಂಪನಿ ಮಖಾ ಯಾರು ನೋಡ್ಯಾರವಾ? ಅವ್ರು ತಗೊಂಡದ್ದು ನನ್ನ ಮಖಾ ನೋಡಿ."

ನನ್ನದನ್ನೂ ಹಾಗೇ ನಿಧಾನಕ್ಕೆ ನಡೆಸಿ ಆ ವಿಡಿಯೊ ಮುಗಿಸಿಕೊಟ್ಟರು. ತೀರಿಹೋದ ಗಂಡ ಮಗಳಿಗೆ ಅಕ್ಷತೆ ಹಾಕುವುದನ್ನು ಆ ತಾಯಿ ಮತ್ತೆ ಮತ್ತೆ ನೋಡಿದರು. ಆಮೇಲೆ ಬದಲಿ ಪ್ರೊಸೆಸರ್‌ಗಳು ಬಂದವು, ಜನರೂ ಒಬ್ಬೊಬ್ಬರಾಗಿ ಮರಳಿದರು.

ಹೋದ ದೀಪಾವಳಿಯ ಹೊತ್ತಿಗೆ ಕಾಕಾ ತೀರಿಕೊಂಡರು. ಮೊನ್ನೆ ಹುಬ್ಬಳ್ಳಿಯ ವ್ಯಾಪಾರಿ ಫೋನ್ ಮಾಡಿದ್ದ. "ಮತ್ತೊಂದು ಹೊಸಾ ಪ್ರೊಸೆಸರ್ ಬಂದದ ನೋಡ್ರಿ ಅಕ್ಕಾರ, ಕಳಸ್ಲೇನು?"

"ತಡೀರಿ, ಕಾಕಾನ್ನ ಒಂದ್ ಮಾತು ಕೇಳಿ ಹೇಳ್ತೇನಿ" ಎಂದುಬಿಟ್ಟೆ.

ಅವನು ಮೆಲ್ಲಗೆ ಫೋನ್ ಇಟ್ಟ. ನನಗೆ ಕಣ್ಣೀರು ತಡೆಯಲಾಗಲಿಲ್ಲ.