ನರ್ಸ್ ಪರ್ಲ್‌ಗೆ ಒಂದು ಸಾಲು

ಟೂವೂಂಬಾ ಊರಿನ ನಿವೃತ್ತ ಭೂಗೋಳ ಮೇಷ್ಟ್ರು ಮರ್ರೆ ಹ್ಯಾದರ್ಲಿಗೆ ಬದುಕಿದ್ದವರಿಗಿಂತ ಹುಟ್ಟದೇ ಇದ್ದವರ ಕಾಟವೇ ಹೆಚ್ಚು. ಅಂತರ್ಜಾಲದ ವಿಶ್ವಕೋಶಕ್ಕೆ ಬಿಟ್ಟಿ ದುಡಿಯುವವರಲ್ಲಿ ಅವನು ಹಳೇ ಹುಲಿ. ಕತೆಯೊಳಗಿನ ಪಾತ್ರ ಎಷ್ಟೇ ಮುದ್ದಿನದಾಗಿರಲಿ, ಅದರ ಬಗ್ಗೆ ಹೊರಗಿನವರು ಬರೆದಿದ್ದರಷ್ಟೇ ಸ್ವಂತ ಪುಟ. ಇಲ್ಲದಿದ್ದರೆ ಕತೆಯ ಪುಟದಲ್ಲಿ ಒಂದು ಸಾಲು. ಈ ನಿಯಮ ಬರೆದವನೇ ಅವನು. ಎಷ್ಟೋ ಮಾಂತ್ರಿಕರು, ಪತ್ತೇದಾರರು, ಮಾತಾಡುವ ಮೊಸಳೆಗಳು ಅವನ ಕೈಯಲ್ಲಿ ಒಂದೊಂದು ಸಾಲಾಗಿ ಹೋಗಿದ್ದರು. ಅಭಿಮಾನಿಗಳು ಹಿಡಿಶಾಪ ಹಾಕಿದ ದಿನ ಅವನಿಗೆ ಊಟ ಚೆನ್ನಾಗಿ ಸೇರುತ್ತಿತ್ತು.

ಈ ಸಲದ ಸರದಿ ನರ್ಸ್ ಪರ್ಲ್‌ಳದು; ಅವಳ ಪುಟ ಇರಬೇಕೋ ಬೇಡವೋ ಎಂದು ವಿಶ್ವಕೋಶದವರಲ್ಲಿ ಚರ್ಚೆ, ಮತದಾನ ಶುರುವಾಗಿತ್ತು. ಹಳೆಯ ರೇಡಿಯೋ ಧಾರಾವಾಹಿಯ ಪಾತ್ರ. ಪ್ರಾಯದಲ್ಲಿ ಅದಕ್ಕೆ ದನಿ ಕೊಟ್ಟವಳು ಡಲ್ಸಿ, ಅಂದರೆ ಮರ್ರೆಯ ಹೆಂಡತಿ. ಪುಟ ಬರೆದವಳು ಅವಳ ಬೌಲ್ಸ್ ಆಟದ ಕ್ಲಬ್ಬಿನ ಗೆಳತಿ ಥೆಲ್ಮಾ. ಪರ್ಲ್‌ಳ ಹುಟ್ಟೂರು, ಮದುವೆ ಎಲ್ಲವನ್ನೂ ಬದುಕಿದ್ದವಳ ಹಾಗೆ ಬರೆದು, ಸಾಲದ್ದಕ್ಕೆ ಕುಂಬಳಕಾಯಿ ಸ್ಕೋನ್ ಎಂಬ ಪುಟ್ಟ ಬನ್ನೆಂದರೆ ಅವಳಿಗೆ ಪ್ರಾಣ ಎಂದೂ ಸೇರಿಸಿದ್ದಳು. ಧಾರಾವಾಹಿಯಲ್ಲಿ ಸ್ಕೋನ್ ಮಾತೇ ಇರಲಿಲ್ಲ, ಅದು ಥೆಲ್ಮಾಳದೇ ನಾಲಿಗೆ ಚಪಲ ಎಂದು ಡಲ್ಸಿ ನಗುತ್ತಾ ಗಂಡನಿಗೆ ಹೇಳಿದ್ದಳು.

"ಇದೊಂದನ್ನ ಬಿಟ್ಬಿಡು ಮಾರಾಯ," ಎಂದಳು ಡಲ್ಸಿ. "ನಾನು ಮಾಡಿದ್ದು ಅಂತ ಇರೋದು ಅದೊಂದೇ."

"ಹೆಂಡತಿ ವಿಷಯದಲ್ಲಿ ನಾನು ಮತ ಹಾಕೋ ಹಾಗಿಲ್ಲ. ಸುಮ್ನಿರ್ತೀನಿ, ಅಷ್ಟೇ," ಎಂದ ಮರ್ರೆ. ಅವನ ಮಟ್ಟಿಗೆ ಇದು ಪ್ರೇಮಪತ್ರಕ್ಕೆ ಸಮ.

ಚರ್ಚೆ ಪರ್ಲ್ ಕಡೆಗೇ ವಾಲಿತು. ಊರಿನ ಪತ್ರಿಕೆಯೊಂದು ಆಗಷ್ಟೇ ಅವಳ ಬಗ್ಗೆ ಅರ್ಧ ಪುಟ ಬರೆದಿತ್ತು. ಹೊರಗಿನವರ ಬರಹ ಸಿಕ್ಕಿತಲ್ಲ ಎಂದು ಎಲ್ಲರೂ ಒಪ್ಪಿದರು. ಮರ್ರೆ ಆ ಪತ್ರಿಕೆ ತರಿಸಿ ಓದಿದ. ಅದರಲ್ಲಿ ಕುಂಬಳಕಾಯಿ ಸ್ಕೋನ್ ಇತ್ತು. ಪತ್ರಿಕೆಯವರು ವಿಶ್ವಕೋಶವನ್ನೇ ನಕಲು ಹೊಡೆದಿದ್ದರು. ಈಗ ವಿಶ್ವಕೋಶ ಅದೇ ಪತ್ರಿಕೆಯನ್ನು ಸಾಕ್ಷಿಗೆ ಕರೆದಿತ್ತು. ಚರ್ಚೆಯಲ್ಲಿ ಇದು ಬೇರೆ ಯಾರಿಗೂ ಹೊಳೆದಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮಧ್ಯಾಹ್ನದವರೆಗೆ ಮುಚ್ಚಿಕೊಂಡೂ ಇದ್ದ. ಆಮೇಲೆ, ಪಾಪ, ತಡೆಯಲಾಗಲಿಲ್ಲ. ಪರ್ಲ್ ಆಗಿದ್ದವಳು ತನ್ನ ಹೆಂಡತಿಯೇ ಎಂದು ಮೊದಲೇ ತಿಳಿಸಿ, ಸ್ಕೋನಿನ ಗುಟ್ಟನ್ನು ಬರೆದುಬಿಟ್ಟ.

ಅವನ ಪ್ರಾಮಾಣಿಕತೆಯನ್ನು ಎಲ್ಲರೂ ಕೊಂಡಾಡಿದರು. ಪರ್ಲ್ ಒಂದು ಸಾಲಾದಳು.

ಡಲ್ಸಿ ಕನ್ನಡಕ ಹಾಕಿಕೊಂಡು ಆ ಸಾಲನ್ನು ಓದಿದಳು. ಜಗಳಕ್ಕೆ ಬರಲಿಲ್ಲ.

"ನನ್ನ ಹೆಸರೇ ಇಲ್ವಲ್ಲ?"

"ಅದಕ್ಕೆ ಆಧಾರ ಇಲ್ಲ, ಡಲ್ಸಿ."

"ಆ ದನಿ ಕೇಳಿ ತಾನೇ ನೀನು ನನ್ನ ಹುಡುಕ್ಕೊಂಡು ಬಂದಿದ್ದು?"

ಹೌದು, ರೇಡಿಯೋ ನಿಲಯದ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದು ಮರ್ರೆಗೆ ಚೆನ್ನಾಗಿ ನೆನಪಿತ್ತು. ಆದರೆ ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ.